ಅಮ್ಮನ ಫೋನ್ ಎತ್ತದ ಸ್ಟೋಯಿಕ್

ಮೂರು ತಿಂಗಳ ಹಿಂದೆ ನಿಮ್ಮ ಅಪ್ಪ ತೀರಿಕೊಂಡರು. ನೀವು ಅಳಲಿಲ್ಲ. ಕಾರ್ಯ ಮುಗಿಸಿ ಬೆಂಗಳೂರಿಗೆ ವಾಪಸ್ ಬಂದು ಮರುದಿನವೇ ಆಫೀಸಿಗೆ ಹೋದಿರಿ. 'ನೀನೊಂದು ಕಲ್ಲು' ಅಂತ ಅಕ್ಕ ಬೈದರು. ನೀವು ಸ್ಟೋಯಿಕ್ ಅಂತೆ, ಅಂದರೆ ಕೈಲಿರೋದನ್ನು ಸರಿಯಾಗಿ ಮಾಡು, ಕೈಲಿಲ್ಲದ್ದಕ್ಕೆ ಕದಡಬೇಡ ಅನ್ನೋ ಹಳೇ ಗ್ರೀಕ್-ರೋಮನ್ ತತ್ವದವರು. ನಮ್ಮ ಕೈಲಿಲ್ಲದ್ದಕ್ಕೆ ಅಳಬಾರದು ಅನ್ನೋದನ್ನು ಅಕ್ಕನಿಗೆ ಹೇಗೆ ಅರ್ಥ ಮಾಡಿಸಲಿ ಅಂತ ಕೇಳಿದ್ದೀರಿ.

ಅಳದಿದ್ದರೆ ಏನೂ ತಪ್ಪಿಲ್ಲ. ಕೆಲವರಿಗೆ ಕಣ್ಣೀರು ವರ್ಷ ಕಳೆದ ಮೇಲೆ, ಅಪ್ಪನ ಹಳೇ ಚಪ್ಪಲಿ ಕಂಡಾಗ ಬರುತ್ತೆ. ಅಕ್ಕನ ಮಾತಲ್ಲಿ ಖಾರ ಜಾಸ್ತಿಯಾಯಿತು. ಆದರೆ ಪತ್ರದ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಲ್ಲ, 'ಅಮ್ಮ ದಿನಾ ಸಂಜೆ ಏಳಕ್ಕೆ, ಅಪ್ಪ ತೋಟದಿಂದ ಬಂದು ಕಾಫಿ ಕೇಳುತ್ತಿದ್ದ ಹೊತ್ತಿಗೆ ಫೋನ್ ಮಾಡ್ತಾರೆ, ಮನಸ್ಸು ಕದಡುತ್ತೆ ಅಂತ ಎತ್ತಲ್ಲ' ಅಂತ. ಅದನ್ನು ಓದಿ ನಾನು ಕೂತಲ್ಲೇ ಕೂತೆ.

ಹಳೇ ಕಾಲದ ಸ್ಟೋಯಿಕ್ ಗುರು ಎಪಿಕ್ಟೆಟಸ್ ಹತ್ತಿರ ಒಬ್ಬ ಅಧಿಕಾರಿ ಬಂದಿದ್ದ. ಪುಟ್ಟ ಮಗಳಿಗೆ ಕಾಯಿಲೆ ಜೋರಾದಾಗ ನೋಡಲಾರದೆ ಮನೆಯಿಂದ ಹೊರಟುಹೋದನಂತೆ. ವಾಸಿಯಾಯಿತು ಅಂತ ಸುದ್ದಿ ಬರೋವರೆಗೂ ತಿರುಗಿ ಬರಲಿಲ್ಲ. ಅಷ್ಟು ಪ್ರೀತಿ ಅಂದ. ಎಪಿಕ್ಟೆಟಸ್ ಬಿಡಲಿಲ್ಲ. ಹಾಗಾದರೆ ಅವಳ ತಾಯಿಗೆ, ದಾದಿಗೆ ಪ್ರೀತಿ ಇರಲಿಲ್ವಾ? ಅವರೂ ಎದ್ದು ಹೋಗಿದ್ದರೆ ಮಗುವಿನ ಗತಿ? ನಿನಗೆ ಕಾಯಿಲೆ ಬಂದಾಗ ನಿನ್ನವರೂ ಹೀಗೇ ಪ್ರೀತಿ ತೋರಿಸಲಿ ಅಂತೀಯಾ?

ಪ್ರತಿಮೆಯ ಹಾಗೆ ಇರಬಾರದು, ಮಗನಾಗಿ, ಅಣ್ಣತಮ್ಮನಾಗಿ, ಅಪ್ಪನಾಗಿ ನಂಟು ನಡೆಸಬೇಕು ಅಂತಲೂ ಹೇಳಿದವನು ಅವನೇ. ಗೆಳೆಯ ಸೆರೆನಸ್ ಸತ್ತಾಗ ಮಿತಿ ಮೀರಿ ಅತ್ತಿದ್ದೆ ಅಂತ ರೋಮಿನ ಸ್ಟೋಯಿಕ್ ಸೆನೆಕ ತನ್ನ 63ನೇ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಇವರೇ ಸ್ಟೋಯಿಕ್‌ಗಳು ಕಣ್ರೀ.

ನನಗೆ ಸಿಟ್ಟು ಬಂದಿರೋದು ನೀವು ಪತ್ರದಲ್ಲಿ ಹೇಳಿದ ಆ ಜಿಮ್ ಗೆಳೆಯನ ಮೇಲೆ. ಕಾರ್ಯಕ್ಕೆ ಬರಲಿಲ್ಲ, ಮೂವತ್ತು ಸೆಕೆಂಡಿನ ವಿಡಿಯೊ ಕಳಿಸಿದ. ಅಮೃತಶಿಲೆಯ ತಲೆ, ಗುಡುಗಿನ ಸಂಗೀತ, 'ಯಾವುದೂ ನಿನ್ನನ್ನು ಮುಟ್ಟಬಾರದು'. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ! ಸಾವಿನ ಮನೆಗೆ ಬರದೆ ಫಾರ್ವರ್ಡ್ ಕಳಿಸೋರ ಮಾತು ಕೇಳಬೇಡಿ.

ಅಪ್ಪನ ಸಾವು ನಿಮ್ಮ ಕೈಲಿರಲಿಲ್ಲ, ಸರಿ. ಫೋನ್ ಕೈಲೇ ಇದೆಯಲ್ಲ? ಅಕ್ಕನಿಗೆ ಏನನ್ನೂ ಅರ್ಥ ಮಾಡಿಸೋದು ಬೇಡ. ಇವತ್ತು ಏಳಕ್ಕೆ ಐದು ನಿಮಿಷ ಇರುವಾಗ ನೀವೇ ಅಮ್ಮನಿಗೆ ಫೋನ್ ಮಾಡಿ. ಎಪಿಕ್ಟೆಟಸ್ ಹೆಸರು ಎತ್ತಬೇಡಿ. ಕಾಫಿ ಆಯ್ತಾಮ್ಮ ಅಂತ ಕೇಳಿ. ಅವರು ಅತ್ತರೆ ಫೋನ್ ಇಡಬೇಡಿ.