ಮುಖವನ್ನೇ ನೋಡದ ಲೇಖಕರ ಸಾವಿಗೆ ಅಳೋದು ನಿಜವಾದ ದುಃಖನಾ?

ನೀವು ಕೇಳಿರೋದು ಇಷ್ಟು: ‘ಡ್ರ್ಯಾಗನ್ ಬಾಲ್ ಕಾಮಿಕ್ ಬರೆದ ಜಪಾನಿನ ಅಕಿರಾ ತೊರಿಯಾಮಾ ತೀರಿಕೊಂಡಾಗ ನನ್ನ ತಮ್ಮ ಅತ್ತುಬಿಟ್ಟ. ಈಗಲೂ ಮಾರ್ಚ್ ಬಂದರೆ ಮಂಕಾಗುತ್ತಾನೆ. ಅವರ ಮುಖ ನೋಡಿದವನಲ್ಲ, ಭಾಷೆ ಗೊತ್ತಿಲ್ಲ. ಇದು ನಿಜವಾದ ದುಃಖನಾ, ಎಲ್ಲರೂ ಸ್ಟೇಟಸ್ ಹಾಕ್ತಾರೆ ಅಂತ ಇವನೂ ಹಾಕೋದಾ? ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಾನೇನು ಮಾಡಲಿ?’

ನಿಜವಾದ ದುಃಖವೇ. ಅದರಲ್ಲಿ ಅನುಮಾನ ಬೇಡ. ನಾನು ತುಮಕೂರಿನವನು, ಇಲ್ಲೇ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಆ ಸುದ್ದಿ ಬಂದ ದಿನ ನಮ್ಮ ಹುಡುಗರನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ಹೊಟ್ಟೆಯಲ್ಲೂ ಅದೇ ಸಂಕಟ ಆಗಿತ್ತು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

2024ರ ಮಾರ್ಚ್ 8. ಅವತ್ತು ಶಿವರಾತ್ರಿ. ಸಿದ್ಧಗಂಗೆ ಜಾತ್ರೆಯ ದಿನಗಳು, ಕ್ಯಾತಸಂದ್ರದ ಕಡೆ ಜನವೋ ಜನ. ಬೆಳಗ್ಗೆ ಒಬ್ಬೊಬ್ಬರ ಮೊಬೈಲಿಗೂ ಸುದ್ದಿ ಬಂತು. ತೊರಿಯಾಮಾ ಹೋಗಿದ್ದು ಮಾರ್ಚ್ 1ಕ್ಕೇ. ಮೆದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವ. 68 ವರ್ಷ ಅಷ್ಟೇ. ಅವರದೇ ಬರ್ಡ್ ಸ್ಟುಡಿಯೋ ಒಂದು ವಾರ ಬಿಟ್ಟು ಹೊರಗೆ ಹೇಳಿತು. ಅಷ್ಟರಲ್ಲಿ ಮನೆಯವರು, ತೀರಾ ಹತ್ತಿರದವರು ಸೇರಿ ಎಲ್ಲ ಮುಗಿಸಿದ್ದರು. ಹೂವು ಬೇಡ, ಕಾಣಿಕೆ ಬೇಡ, ನೋಡೋಕೆ ಬರೋದೂ ಬೇಡ ಅಂತ ಕೇಳಿಕೊಂಡಿದ್ದರು. ಅವರು ತುಂಬಾ ಹುಮ್ಮಸ್ಸಿನಿಂದ ಮಾಡುತ್ತಿದ್ದ ಕೆಲಸಗಳು ಇನ್ನೂ ಅರ್ಧದಲ್ಲಿವೆ ಅನ್ನೋ ಮಾತೂ ಅದರಲ್ಲಿತ್ತು. ನಮ್ಮ ಹುಡುಗರಿಗೆ ಜಾಸ್ತಿ ಚುಚ್ಚಿದ್ದು ಅದೇ.

ನಮ್ಮ ಊರಿಗೆ ದುಃಖ ಹೊಸದಲ್ಲ. 2019ರ ಜನವರಿ 21ಕ್ಕೆ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಊರಿಗೆ ಊರೇ ದರ್ಶನದ ಸಾಲಿನಲ್ಲಿ ನಿಂತಿತ್ತು. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದಾಗ ಗಲ್ಲಿಗಲ್ಲಿಯಲ್ಲೂ ಅವರ ಫೋಟೋ, ಫೋಟೋಗೆ ಹಾರ, ಮುಂದೆ ಊದುಬತ್ತಿ. ಆ ದೊಡ್ಡವರ ಜೊತೆ ಯಾರನ್ನೂ ಹೋಲಿಸುತ್ತಿಲ್ಲ. ನಮ್ಮ ಕಡೆ ಪ್ರೀತಿಪಾತ್ರರು ಹೋದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು ಅಂತ ಹೇಳುತ್ತಿದ್ದೇನೆ, ಅಷ್ಟೇ. ಅಂತಿಮ ದರ್ಶನ, ಸರ್ಕಲ್‌ನಲ್ಲಿ ಫ್ಲೆಕ್ಸು, ಹಾರ, ಅನ್ನದಾನ. ಇದೆಲ್ಲದಕ್ಕೂ ಒಂದು ಮುಖ ಬೇಕು. ತೊರಿಯಾಮಾ ವಿಷಯದಲ್ಲಿ ಆ ಮುಖವೇ ಇರಲಿಲ್ಲ.

ನಮ್ಮ ಕ್ಲಾಸಿನ ದೊಡ್ಡ ಹುಡುಗರು ದುಡ್ಡು ಹಾಕಿಕೊಂಡು ಮಾರನೇ ದಿನ ಫ್ಲೆಕ್ಸ್ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದವರು ಎಂದಿನ ಹಾಗೆ ‘ಫೋಟೋ ಕಳಿಸ್ರಪ್ಪಾ, ದೊಡ್ಡ ಸೈಜಿಂದು’ ಅಂದರು. ಹುಡುಗರು ಹುಡುಕಿದರು. ಸಿಕ್ಕಿದ್ದೆಲ್ಲ ಹಳೇವು, ಚಿಕ್ಕವು, ದೊಡ್ಡದು ಮಾಡಿದರೆ ಒಡೆದುಹೋಗುತ್ತಿದ್ದವು. ಆ ಮನುಷ್ಯ ಕ್ಯಾಮೆರಾ ಮುಂದೆ ಬರೋದೇ ಅಪರೂಪ. ಪುಸ್ತಕದಲ್ಲಿ ತನ್ನ ಚಿತ್ರ ಹಾಕಬೇಕಾದಲ್ಲೆಲ್ಲ ಮುಖವಾಡ ತೊಟ್ಟ ಒಂದು ಪುಟ್ಟ ರೋಬೋ ಬರೆದುಬಿಡುತ್ತಿದ್ದರು. ಅಂಗಡಿಯವರು ಪಾಪ ನಗಲಿಲ್ಲ. ‘ಫೋಟೋ ಇಲ್ದೆ ಶ್ರದ್ಧಾಂಜಲಿ ಹೆಂಗ್ ಹಾಕೋದು?’ ಅಂತ ನಿಜವಾಗಿಯೂ ಯೋಚನೆ ಮಾಡಿದರು. ಆಮೇಲೆ ಕೇಳಿದರು, ‘ಇವರು ನಿಮಗೆ ಏನಾಗಬೇಕು?’

‘ಡ್ರಾಯಿಂಗ್ ಮೇಷ್ಟ್ರು’ ಅಂದ ಒಬ್ಬ. ಪಕ್ಕದಲ್ಲೇ ನಾನಿದ್ದೆ. ಅವನು ಹೇಳಿದ್ದು ಸರಿಯಾಗಿತ್ತು.

ಆಮೇಲೆ ಅಂಗಡಿ ಕಟ್ಟೆ ಮೇಲೆ ಕೂತು ಅವನೇ ಒಂದು ಎ4 ಹಾಳೆಯಲ್ಲಿ ಡ್ರ್ಯಾಗನ್ ಬಾಲ್ ಕಥೆಯ ನಾಯಕ ಗೊಕುವನ್ನು ಬರೆದ. ಬೆನ್ನು ನಮ್ಮ ಕಡೆ, ಮುಖ ಆ ಕಡೆ. ಅದನ್ನೇ ಸ್ಕ್ಯಾನ್ ಮಾಡಿ ಫ್ಲೆಕ್ಸ್ ಮಾಡಿಸಿದೆವು. ಕೆಳಗೆ ಕನ್ನಡದಲ್ಲಿ ಹೆಸರು, 1955–2024. ನಮ್ಮ ಕ್ಲಾಸಿನ ಬಾಗಿಲ ಮೇಲೆ ಕಟ್ಟಿದೆವು.

ನಿಮ್ಮ ತಮ್ಮನ ದುಃಖ ಅರ್ಥ ಆಗಬೇಕಾದರೆ ಹಿಡಿಯಬೇಕಾದ ಎಳೆ ಇದು. ಒಬ್ಬ ನಟ ಹೋದರೆ ನಮಗೆ ಮುಖ ನೆನಪಾಗುತ್ತೆ, ದನಿ ನೆನಪಾಗುತ್ತೆ. ಚಿತ್ರ ಬರೆಯೋರು ಹೋದರೆ ನೆನಪಾಗೋದು ಅವರ ಕೈ. ಆ ಕೈಯನ್ನು ನೋಡಿ ನೋಡಿ ಬರೆದವರಿಗೆ ಅದು ತಮ್ಮ ಕೈಯೊಳಗೇ ಸೇರಿಹೋಗಿರುತ್ತೆ. ನಿಮ್ಮ ತಮ್ಮ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೊಕು ಬರೆದಿದ್ದಾನಾ, ಒಮ್ಮೆ ತೆಗೆದು ನೋಡಿ. ಬರೆದಿರುತ್ತಾನೆ ಅಂತ ನನ್ನ ನಂಬಿಕೆ.

ನಮ್ಮ ವಯಸ್ಸಿನವರು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. 2000ದ ನಂತರದ ವರ್ಷಗಳಲ್ಲಿ ಕೇಬಲ್‌ನಲ್ಲಿ ಕಾರ್ಟೂನ್ ನೆಟ್‌ವರ್ಕ್ ಬರುತ್ತಿತ್ತು, ಅದರಲ್ಲಿ ಡ್ರ್ಯಾಗನ್ ಬಾಲ್ ಝಡ್. ಮಾತು ಅರ್ಧಂಬರ್ಧ ಅರ್ಥ ಆಗುತ್ತಿತ್ತು. ಆದರೂ ಯಾರು ಯಾರಿಗೆ ಹೊಡೆದರು, ಯಾರು ಸೋತರು, ಯಾರಿಗೆ ನೋವಾಯಿತು ಅನ್ನೋದು ಒಂದು ಚೂರೂ ತಪ್ಪದೆ ತಿಳಿಯುತ್ತಿತ್ತು. ಟಿವಿಯನ್ನು ನಿಲ್ಲಿಸಿ ನೋಡೋಕೆ ಆಗುತ್ತಿರಲಿಲ್ಲ. ಒಂದು ಭಂಗಿಯನ್ನು ಕಣ್ಣಲ್ಲಿ ಹಿಡಿದುಕೊಂಡು ಓಡಿಹೋಗಿ ಬರೆಯಬೇಕಿತ್ತು. ಎಷ್ಟೋ ಸಲ ಅಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು. ಮೇಣದ ಬತ್ತಿ ಹಚ್ಚಿಕೊಂಡು, ಕೂದಲು ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಅಕ್ಕಪಕ್ಕದ ಹುಡುಗರ ಜೊತೆ ಜಗಳ.

ಆ ಕೂದಲಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಮೂಲ ಕಾಮಿಕ್ ಕಪ್ಪು ಬಿಳುಪು. ಗೊಕುವಿನ ಕೂದಲು ಕಪ್ಪು, ಅಂದರೆ ಪ್ರತಿ ಚೌಕದಲ್ಲೂ ಅದನ್ನು ಇಂಕಿನಿಂದ ತುಂಬಬೇಕು. ತೊರಿಯಾಮಾ ಜೊತೆಗಿದ್ದ ಸಹಾಯಕರ ಎಷ್ಟೋ ಸಮಯ ಇದಕ್ಕೇ ಹೋಗುತ್ತಿತ್ತಂತೆ. ಮುಂದೆ ಗೊಕು ಸೂಪರ್ ಸಯಾನ್ ಅನ್ನೋ ಇನ್ನೂ ಬಲವಾದ ರೂಪ ತಾಳಿದಾಗ ಕೂದಲು ಬಂಗಾರದ ಬಣ್ಣಕ್ಕೆ ತಿರುಗಿತು. ಕಾಗದದ ಮೇಲೆ ಬಂಗಾರ ಅಂದರೆ ಖಾಲಿ ಬಿಡೋದು, ತುಂಬೋ ಕೆಲಸವೇ ಇಲ್ಲ. ಆ ಬದಲಾವಣೆಗೆ ಇದೂ ಒಂದು ಕಾರಣ ಅಂತ ತೊರಿಯಾಮಾ ಅವರೇ ಹೇಳಿದ್ದಾರೆ. ನಮ್ಮ ಹುಡುಗರು ಇದನ್ನು ಯಾರೂ ಹೇಳದೆ ಕಂಡುಕೊಂಡಿದ್ದರು. ಕಪ್ಪು ಸ್ಕೆಚ್ ಪೆನ್ ಒಣಗುತ್ತಾ ಬಂದರೆ ‘ಸೂಪರ್ ಸಯಾನ್ ಬರಿ, ಇಂಕು ಉಳಿಯುತ್ತೆ’ ಅಂತ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಎಲ್ಲೋ ಜಪಾನಿನಲ್ಲಿ ಮೇಜಿನ ಮುಂದೆ ಕೂತವರ ಕಷ್ಟ, ಇಲ್ಲಿ ಎಸ್.ಎಸ್. ಪುರಂನ ಒಂದು ಜಗುಲಿ ಮೇಲೆ ಕೂತ ಹುಡುಗನಿಗೆ ಬೆರಳಿನಲ್ಲೇ ತಿಳಿದಿತ್ತು. ಇಂಥ ನಂಟಿಗೆ ಮುಖ ಬೇಕಾ?

ಇನ್ನೊಂದು. ಅವರ ಹೊಡೆದಾಟಗಳು ನಡೆಯೋದು ಬಹಳ ಸಲ ಊರ ಹೊರಗೆ, ಬಂಡೆಗಳ ಬಯಲಿನಲ್ಲಿ. ಕಟ್ಟಡಗಳನ್ನು ಒಂದೊಂದಾಗಿ ಬರೆಯೋ ತೊಂದರೆ ತಪ್ಪಲಿ ಅಂತ. ನಮಗೆ ಮಾತ್ರ ಅದು ಮಧುಗಿರಿ ದಾರಿಯ ಹಾಗೇ ಕಾಣುತ್ತಿತ್ತು. ಬೋಳು ಬಂಡೆ, ಮೇಲೆ ಬರೀ ಆಕಾಶ. ನಾನು ಈಗಲೂ ಮಕ್ಕಳನ್ನು ದೇವರಾಯನದುರ್ಗಕ್ಕೆ ಬಂಡೆ ಬರೆಯೋಕೆ ಕರೆದುಕೊಂಡು ಹೋದರೆ, ಯಾರಾದರೂ ಒಬ್ಬ ಮೂಲೆಯಲ್ಲಿ ಗೊಕುವನ್ನು ನಿಲ್ಲಿಸಿಯೇ ಇರುತ್ತಾನೆ. ನಾನು ಅಳಿಸೋಕೆ ಹೇಳೋದಿಲ್ಲ.

ಸುಲಭವಾಗಿ ಕಾಣುವ ಆ ಗೆರೆ ಸುಲಭವಾಗಿ ಬಂದದ್ದಲ್ಲ. ನಗೋಯಾದ ಒಂದು ಜಾಹೀರಾತು ಕಂಪನಿಯ ಕೆಲಸ ಬಿಟ್ಟು, ಬಹುಮಾನದ ದುಡ್ಡಿಗೆ ಅಂತ ಸ್ಪರ್ಧೆಗೆ ಚಿತ್ರಕಥೆ ಕಳಿಸಿದ ಹುಡುಗ ಅವರು. ಕಜುಹಿಕೊ ತೊರಿಶಿಮಾ ಅನ್ನೋ ಸಂಪಾದಕರ ಕಣ್ಣಿಗೆ ಬಿದ್ದರು. ಆಮೇಲೆ ಬರೆದದ್ದೆಲ್ಲ ಒಂದಾದ ಮೇಲೊಂದು ವಾಪಸ್. ಮತ್ತೆ ಬರಿ, ಮತ್ತೆ ಬರಿ. 1978ರಲ್ಲಿ ಮೊದಲ ಕಥೆ ಅಚ್ಚಾಯಿತು, 1980ರಲ್ಲಿ ಡಾ. ಸ್ಲಂಪ್ ಅನ್ನೋ ನಗೆ ಕಾಮಿಕ್ ಶುರುವಾಯಿತು, 1984ರಲ್ಲಿ ಅದು ಮುಗಿದ ಕೆಲವೇ ತಿಂಗಳಿಗೆ ಡ್ರ್ಯಾಗನ್ ಬಾಲ್. ಅದು 1995ರವರೆಗೆ ನಡೆಯಿತು. 519 ಕಂತು, 42 ಸಂಪುಟ. ಬಂದದ್ದು ಶೋನೆನ್ ಜಂಪ್ ಅನ್ನೋ ವಾರಪತ್ರಿಕೆಯಲ್ಲಿ, ಅಂದರೆ ವಾರ ವಾರ ಗಡುವು. ಆ ಪತ್ರಿಕೆಯ ಒಂದು ಸಂಚಿಕೆ 65 ಲಕ್ಷ ಪ್ರತಿ ದಾಟಿದ ಕಾಲ ಅದು. ಒಂದು ವಾರಕ್ಕೆ ಒಂದು ಒಳ್ಳೆ ಪುಟ ಮುಗಿಸೋಕೆ ನಮ್ಮ ಕೈಯಲ್ಲಿ ಆಗೋದಿಲ್ಲ. ಅದನ್ನು ಯೋಚಿಸಿದರೆ ಸಾಕು, ಕಣ್ಣು ತುಂಬುತ್ತೆ.

ಮನೆಯವರು ನಗುತ್ತಾರೆ ಅಂದಿರಿ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಓದೋದು ಬಿಟ್ಟು ಗೊಂಬೆ ಬರೀತಾ ಕೂತಿದ್ದಾನೆ ಅಂತ ಬೈಗುಳ ತಿಂದು ಬೆಳೆದವರು ನಾವು. ಜಪಾನಿನಲ್ಲೂ ಒಂದು ಕಾಲದಲ್ಲಿ ಹಾಗೇ ಇತ್ತಂತೆ. ಒನ್ ಪೀಸ್ ಅನ್ನೋ ಕಾಮಿಕ್ ಬರೆಯುವ ಎಯಿಚಿರೊ ಓದಾ ತಮ್ಮ ಸಂತಾಪದಲ್ಲಿ ಇದನ್ನೇ ಹೇಳಿದ್ದಾರೆ. ಕಾಮಿಕ್ ಓದಿದರೆ ದಡ್ಡರಾಗುತ್ತಾರೆ ಅನ್ನುತ್ತಿದ್ದ ಕಾಲದಿಂದ, ದೊಡ್ಡವರೂ ಚಿಕ್ಕವರೂ ಸೇರಿ ಖುಷಿಯಿಂದ ಓದುವ ಕಾಲಕ್ಕೆ ತಂದವರಲ್ಲಿ ತೊರಿಯಾಮಾ ಒಬ್ಬರು ಅಂತ. ನನಗೆ ಆ ಸಂತಾಪದಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಇದೇ.

ಮನೆಯವರಿಗೆ ತಿಳಿಸೋ ದಾರಿಯೂ ಇದೆ. ನಮ್ಮ ತಂದೆಯ ಹತ್ತಿರ ನಾನು ಮಾಡಿದ್ದನ್ನು ಹೇಳುತ್ತೇನೆ. ಹಳೇ ಚಂದಮಾಮ ತೆಗೆದು ಬೇತಾಳ ಕಥೆಯ ಚಿತ್ರ ತೋರಿಸಿದೆ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸ್ಮಶಾನದಲ್ಲಿ ನಡೆದು ಬರುವ ವಿಕ್ರಮ. ಕರ್ನಾಟಕದಲ್ಲಿ ಓದು ಬರೋ ಹಿರಿಯರಲ್ಲಿ ಈ ಚಿತ್ರ ಗೊತ್ತಿಲ್ಲದವರು ಕಡಿಮೆ. ‘ಇದನ್ನ ಬರೆದವರು ಯಾರು ಗೊತ್ತಾ?’ ಅಂತ ಕೇಳಿದೆ. ಗೊತ್ತಿರಲಿಲ್ಲ. ಅವರು ಕೆ.ಸಿ. ಶಿವಶಂಕರ್, ಶಂಕರ್ ಅಂತ ಸಹಿ ಹಾಕುತ್ತಿದ್ದರು, 2020ರ ಸೆಪ್ಟೆಂಬರ್ 29ಕ್ಕೆ ತೀರಿಕೊಂಡರು ಅಂದೆ. ತಂದೆ ಪುಟ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ‘ಅಯ್ಯೋ, ಹೋಗ್ಬಿಟ್ರಾ’ ಅಂದರು. ಆಮೇಲೆ ತಾವು ಚಿಕ್ಕವರಿದ್ದಾಗ ತಿಂಗಳು ತಿಂಗಳು ಚಂದಮಾಮಕ್ಕೆ ಕಾಯುತ್ತಿದ್ದದ್ದನ್ನು ಹೇಳಿದರು. ನಾನು ಅಷ್ಟೇ ಹೇಳಿದೆ, ನಮಗೂ ಹೀಗೇ ಆಗಿದೆ ಅಪ್ಪಾ ಅಂತ. ಆಮೇಲೆ ಅವರು ನಕ್ಕಿಲ್ಲ.

ಸ್ಟೇಟಸ್ ಹಾಕೋದು ಬರೀ ಫ್ಯಾಷನ್ ಇರಬಹುದು ಅಂತ ನಿಮಗೊಂದು ಅನುಮಾನ ಇದೆ ಅಲ್ವಾ? ಕೆಲವರದ್ದು ಇರಬಹುದು, ಅದರಿಂದ ಯಾರಿಗೇನು ನಷ್ಟ? ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಕೂಡ ತೊರಿಯಾಮಾ ತಮಗೆ ಸಹಿ ಹಾಕಿಕೊಟ್ಟ ಚಿತ್ರವನ್ನು ಹಂಚಿಕೊಂಡರು. ನನಗೆ ಹಿಡಿಸಿದ್ದು ಅರ್ಜೆಂಟೀನಾದ್ದು. ಬ್ಯೂನಸ್ ಐರಿಸ್‌ನ ನಡುಮಧ್ಯದ ಒಬೆಲಿಸ್ಕ್ ಕಂಬದ ಹತ್ತಿರ ಸಾವಿರಾರು ಜನ ಸೇರಿ ಎರಡೂ ಕೈ ಮೇಲೆತ್ತಿ ನಿಂತರು. ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗೊಕು ಒಬ್ಬನಿಂದಲೇ ಆಗದ ಕೆಲಸ ಬಂದಾಗ, ಎಲ್ಲೆಲ್ಲೋ ಇರುವ ಜನ ಕೈ ಎತ್ತಿ ತಮ್ಮ ಶಕ್ತಿಯಲ್ಲಿ ಸ್ವಲ್ಪ ಸ್ವಲ್ಪ ಅವನಿಗೆ ಕೊಡುತ್ತಾರೆ. ದರ್ಶನಕ್ಕೆ ಜಾಗ ಇಲ್ಲ, ಹಾರ ಹಾಕೋಕೆ ಫೋಟೋ ಇಲ್ಲ. ಆ ಜನ ಅವರ ಕಥೆಯೊಳಗಿಂದಲೇ ಒಂದು ವಿಧಿ ತೆಗೆದುಕೊಂಡರು. ನಮ್ಮ ಹುಡುಗರು ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ಅಮಾನಿಕೆರೆ ಪಾರ್ಕಿನಲ್ಲಿ ತಾವೂ ಕೈ ಎತ್ತಿದರು. ವಾಕಿಂಗ್ ಬಂದವರು ತಿರುಗಿ ನೋಡಿದರೂ ಇಳಿಸಲಿಲ್ಲ.

ಇನ್ನು ನೀವು ಮಾಡಬಹುದಾದ್ದು. ‘ಅಷ್ಟಕ್ಕೆಲ್ಲ ಯಾಕೆ ಅಳ್ತೀಯ’ ಅನ್ನೋದೊಂದು ಬಿಡಿ. ‘ನಿನಗೆ ತುಂಬಾ ಇಷ್ಟ ಆದ ಪುಟ ಯಾವುದು, ತೋರ್ಸು’ ಅಂತ ಕೇಳಿ. ತೋರಿಸಿದರೆ ಪೂರ್ತಿ ಕೇಳಿಸಿಕೊಳ್ಳಿ, ಮಧ್ಯ ಮೊಬೈಲ್ ನೋಡಬೇಡಿ. ಬರೆಯೋ ಹುಡುಗನಾದರೆ ಒಂದು ಒಳ್ಳೆ ಕಪ್ಪು ಇಂಕಿನ ಪೆನ್, ಸ್ವಲ್ಪ ದಪ್ಪ ಹಾಳೆ ತಂದುಕೊಡಿ. ಅವರು ಕಥೆ, ಪಾತ್ರ ಮಾಡಿಟ್ಟಿದ್ದ ಡ್ರ್ಯಾಗನ್ ಬಾಲ್ ಡೈಮಾ ಅನ್ನೋ ಕಾರ್ಟೂನ್ ಸರಣಿ ಅವರು ಹೋದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಬಂತು. ಅದನ್ನು ಅವನ ಪಕ್ಕ ಕೂತು ನೋಡಿ. ಮಾರ್ಚ್ ಬಂದರೆ ಮಂಕಾಗುತ್ತಾನೆ ಅಂದಿರಲ್ಲ, ಏಪ್ರಿಲ್ 5 ತೊರಿಯಾಮಾ ಹುಟ್ಟಿದ ದಿನ. ನಾವು ಕ್ಲಾಸಿನಲ್ಲಿ ನೆನೆಸಿಕೊಳ್ಳೋದು ಆ ದಿನವೇ. ಅವತ್ತು ಪಾಠ ಇಲ್ಲ, ಎಲ್ಲರೂ ಅವರ ಒಂದು ಪುಟ ನೋಡಿ ಬರೆಯೋದು ಅಷ್ಟೇ. ತುಮಕೂರಿನ ಹತ್ತಿರ ಇದ್ದರೆ ಅವನನ್ನೂ ಕಳಿಸಿ.

ಡಾ. ಸ್ಲಂಪ್ ಓದಿದ್ದಾನಾ ಕೇಳಿ. ಡ್ರ್ಯಾಗನ್ ಬಾಲ್ ಇಷ್ಟಪಡುವ ಎಷ್ಟೋ ಹುಡುಗರು ಅದನ್ನು ಮುಟ್ಟಿರೋದಿಲ್ಲ. ಅರಾಲೆ ಅಂತ ಒಂದು ರೋಬೋ ಹುಡುಗಿ, ಕೈ ಬೀಸಿದರೆ ಭೂಮಿಯೇ ಎರಡು ಹೋಳು, ಆದರೆ ಕಣ್ಣು ಮಂದ, ಅದಕ್ಕೊಂದು ದೊಡ್ಡ ಕನ್ನಡಕ. ಒಟ್ಟು 18 ಸಂಪುಟ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆ ಹೋದಾಗ ಪುಸ್ತಕದಂಗಡಿಗಳಲ್ಲಿ ವಿಚಾರಿಸಿ, ಇಂಗ್ಲಿಷಿನದು ಸಿಕ್ಕರೆ ಮೊದಲನೇ ಸಂಪುಟ ತನ್ನಿ. ತೊರಿಯಾಮಾ ಮೊದಲಿಗೆ ನಗಿಸುವ ಲೇಖಕರು, ಹೊಡೆದಾಟ ಆಮೇಲೆ ಬಂದದ್ದು. ಅವನಿಗೆ ಅವರಿಂದ ಓದೋಕೆ ಇನ್ನೂ ಬೇಕಾದಷ್ಟು ಉಳಿದಿದೆ.