ಪಾಸ್‌ವರ್ಡ್ ಮಾವನ ಹತ್ತಿರ ಯಾಕಿದೆ?

ತಂಗೀ,

ನಿನ್ನ ಕಾಗದ ಓದಿ ಸಿಟ್ಟು ಬಂತು. ನಿನ್ನ ಮೇಲಲ್ಲ.

ಹೊಸನಗರದ ಕಡೆಯ ತೋಟದ ಮನೆ. ಜೆಇಇ ಅಡ್ವಾನ್ಸ್ಡ್‌ನಲ್ಲಿ ರ್‍ಯಾಂಕ್ ಬಂದಿದೆ. ಕಾನ್ಪುರ ಇಲ್ಲವೇ ಖರಗ್‌ಪುರದ ಐಐಟಿಯಲ್ಲಿ ನಾಲ್ಕು ವರ್ಷದ ಬಿ.ಎಸ್. ಅರ್ಥಶಾಸ್ತ್ರ ಓದುವ ಆಸೆ. ಬೆಂಗಳೂರಿನ ಸೋದರಮಾವ, "ಐಐಟಿಗೆ ಹೋಗಿ ಅರ್ಥಶಾಸ್ತ್ರ ಓದೋದು ಅಂದ್ರೆ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿ ಕಾಗೆ ನೋಡಿ ಬಂದ ಹಾಗೆ" ಅಂದರಂತೆ. ಅಮ್ಮ ತಮ್ಮನ ಮಾತಿಗೆ ಹೂಂಗುಟ್ಟುತ್ತಾರೆ, ಅಪ್ಪ ಸುಮ್ಮನಿದ್ದಾರೆ.

ಎರಡು ಪುಟದಲ್ಲಿ ಒಂದು ಸಾಲನ್ನು ಮಾತ್ರ ನೀನು ಹಾಗೇ ದಾಟಿ ಹೋಗಿದ್ದೀಯ: "ಜೋಸಾ ಪಾಸ್‌ವರ್ಡ್ ಮಾವನ ಹತ್ರ ಇದೆ, ಲಿಸ್ಟ್ ಅವರೇ ಹಾಕ್ತಾರೆ." ಜೋಸಾ ಅಂದರೆ ಐಐಟಿ ಸೀಟು ಹಂಚುವ ವ್ಯವಸ್ಥೆ; ಯಾವ ಕಾಲೇಜು, ಯಾವ ವಿಷಯ ಬೇಕು ಅನ್ನುವ ಪಟ್ಟಿಯನ್ನು ಅಲ್ಲೇ ಹಾಕಬೇಕು. ನಾನು ಆ ಸಾಲಿನಿಂದ ಮುಂದೆ ಹೋಗಲಾರೆ. ರಾತ್ರಿ ಹಗಲು ಓದಿದವಳು ನೀನು, ಪಟ್ಟಿ ಅವರದ್ದಾ?

1951ರಲ್ಲಿ ನಿಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದು ಭತ್ತ ಅಳೆಯುವ ಕೊಳಗದ ಸಲುವಾಗಿ. ಗೇಣಿ ವಸೂಲಿಗೆ ಒಡೆಯರು ತರುತ್ತಿದ್ದ ಕೊಳಗ ದೊಡ್ಡದಿತ್ತು. ಆಸ್ತಿ ಪಾಲಿನ ಜಗಳವಿರಲಿ, ಸೊಸೆಯ ಸಂಬಳದ ಜಗಳವಿರಲಿ, ಕೊಳಗ ಯಾರ ಕೈಯಲ್ಲಿದೆ ನೋಡಿ ಅಂತಲೇ ಈ ಅಂಕಣದಲ್ಲಿ ಬರೆಯುತ್ತಾ ಬಂದಿದ್ದೇನೆ.

ನೀನು ಓದಹೊರಟಿರುವುದೂ ಇದನ್ನೇ. ಅಡಿಕೆಯ ಹವಾಮಾನ ಆಧಾರಿತ ಬೆಳೆವಿಮೆ ತೆಗೆದುಕೋ. ಪರಿಹಾರ ನಿಂತಿರುವುದು ಮಳೆಮಾಪನ ಯಂತ್ರದ ಅಂಕಿಯ ಮೇಲೆ, ಮರದ ಬುಡದಲ್ಲಿ ಕೊಳೆತು ಬಿದ್ದ ಕಾಯಿಯ ಮೇಲಲ್ಲ. ಗುಡ್ಡದ ಈ ಮಗ್ಗುಲಿಗೆ ಹೊಡೆದ ಮಳೆ ಆ ಮಗ್ಗುಲಿಗೆ ಇರುವುದಿಲ್ಲ. ಆಗ ನಷ್ಟ ಯಾರ ತಲೆಗೆ? ವಿಮೆ ಇದೆಯೆಂದು ಜನ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವುದು ಕಡಿಮೆ ಮಾಡುತ್ತಾರಾ? ಇಂಥದ್ದಕ್ಕೆ ಉತ್ತರ ಹುಡುಕಲು ಸಂಖ್ಯಾಶಾಸ್ತ್ರ ಬೇಕು, ಕೋಡಿಂಗ್ ಬೇಕು, ಜಗಲಿಯಲ್ಲಿ ಕೂತು ಜನರನ್ನು ಮಾತಾಡಿಸುವ ತಾಳ್ಮೆಯೂ ಬೇಕು. ಇವೆಲ್ಲ ಒಂದೇ ಆವರಣದಲ್ಲಿ ಸಿಗುತ್ತವೆ ಅಂದರೆ ಬಿಡುವುದು ಯಾಕೆ? 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಪಾಠ ಮಾಡುತ್ತಿದ್ದದ್ದು ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ. ಅದೂ ತಾಂತ್ರಿಕ ಕಾಲೇಜೇ ಅಂತ ಮಾವನಿಗೆ ಹೇಳು.

ಗಣಿತದಿಂದ ತಪ್ಪಿಸಿಕೊಳ್ಳುವವರಿಗೆ ಅದು ಜಾಗವಲ್ಲ. ನಿನಗೆ ಗಣಿತ ಇಷ್ಟ ಅಂದಿದ್ದೀಯ, ಆ ಮಾತು ಅಲ್ಲಿಗೆ ಮುಗಿಯಿತು.

ಅಪ್ಪನನ್ನು ನಾನು ದೂರುವುದಿಲ್ಲ. ಮಳೆ ಹಿಡಿಯಿತು, ತೋಟಕ್ಕೆ ಔಷಧಿ ಹೊಡೆಯುವ ಆಳು ಸಿಗಲಿಲ್ಲ, ಅವರಿಗೆ ಆ ಚಿಂತೆಯೇ ಸಾಕಷ್ಟಿದೆ. ಆ ಮನುಷ್ಯನ ಮೌನದಲ್ಲಿ ಬೇಡ ಅನ್ನುವುದು ನನಗೆ ಕೇಳಿಸಲಿಲ್ಲ. ತಪ್ಪು ಮಾವನದು. ಅಕ್ಕರೆಯಿಂದಲೇ ಮಾಡಿರಬಹುದು, ಆದರೂ ತಪ್ಪೇ.

ಇವತ್ತು ರಾತ್ರಿಯೇ ಪಾಸ್‌ವರ್ಡ್ ಬದಲಾಯಿಸು. ಲಾಕ್ ಆಗುವ ಮುಂಚೆ ನಿನ್ನ ಪಟ್ಟಿಯನ್ನು ನೀನೇ, ನಿನ್ನ ಆಸೆಯ ಕ್ರಮದಲ್ಲೇ ಹಾಕು. ಸೀಟು ಹಂಚುವುದು ಮೇಲಿನಿಂದ ಕೆಳಕ್ಕೆ; ಮಾವ ಮೇಲಿಟ್ಟಿದ್ದು ನಿನ್ನ ರ್‍ಯಾಂಕಿಗೆ ಸಿಕ್ಕಿಬಿಟ್ಟರೆ, ಕೆಳಗೆ ಬರೆದ ಅರ್ಥಶಾಸ್ತ್ರವನ್ನು ಯಾರೂ ಕೇಳುವುದಿಲ್ಲ. ಪಟ್ಟಿ ಹಾಕುವಾಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೋ. ಮಾವ ಫೋನ್ ಮಾಡಿದರೆ ಅಪ್ಪನ ಕೈಗೇ ಕೊಡು.