ಹೊಸ ಟಿವಿ ಕೊಳ್ಳುವಾಗ ಚಿತ್ರದ ಗುಣಮಟ್ಟ ನೋಡುವುದು ಹೇಗೆ?

ಅಂಗಡಿಯಲ್ಲಿ ಕಣ್ಣು ಕುಕ್ಕುವ ಟಿವಿಯೇ ಒಳ್ಳೆಯದು ಅಂದುಕೊಳ್ಳಬೇಡಿ. ಅಲ್ಲಿ ಸಾಮಾನ್ಯವಾಗಿ ‘ವಿವಿಡ್’ ಮೋಡ್ ಹಾಕಿರುತ್ತಾರೆ, ಬಣ್ಣ ಬೆಳಕು ಎರಡೂ ಜಾಸ್ತಿ. ರಿಮೋಟ್ ಕೇಳಿ ‘ಸಿನಿಮಾ’ ಮೋಡ್‌ಗೆ ಬದಲಿಸಿ, ಆಮೇಲೆ ನೋಡಿ.

ನನ್ನ ಪ್ರಕಾರ ಮುಖ್ಯ ಪರೀಕ್ಷೆ ಕತ್ತಲೆಯ ದೃಶ್ಯ. ಕರಿ ಕೋಟಿನ ಮಡಿಕೆಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ? ಕಪ್ಪು ಕಪ್ಪಾಗಿಯೇ ಇದೆಯೇ, ಬೂದು ಬಣ್ಣಕ್ಕೆ ತಿರುಗಿದೆಯೇ? ಓಎಲ್‌ಇಡಿ ಎಂಬ ಬಗೆಯ ಪರದೆಯಲ್ಲಿ ಒಂದೊಂದು ಪಿಕ್ಸೆಲ್ಲೂ (ಚಿತ್ರದ ಪುಟ್ಟ ಚುಕ್ಕಿ) ತಾನೇ ಬೆಳಗುತ್ತದೆ, ಆರಿದರೆ ಪೂರ್ತಿ ಕಪ್ಪು. ಎಲ್‌ಸಿಡಿ ಬಗೆಯ ಪರದೆಯಲ್ಲಿ ಬೆಳಕು ಹಿಂದಿನಿಂದ ಬರುವುದರಿಂದ ಸ್ವಲ್ಪ ಸೋರುತ್ತದೆ. ಆದರೆ ಬಿಸಿಲು ತುಂಬಿದ ಕೋಣೆಗೆ ಹೆಚ್ಚು ಬೆಳಕಿನ ಎಲ್‌ಸಿಡಿಯೇ ವಾಸಿ.

ಮುಖದ ಬಣ್ಣ ಸಹಜವಾಗಿರಬೇಕು. ಪಕ್ಕಕ್ಕೆ ಸರಿದು ನಿಂತರೂ ಮಂಕಾಗಬಾರದು. ಡೆಮೊ ವಿಡಿಯೊ ಯಾವ ಟಿವಿಯಲ್ಲೂ ಚಂದವೇ ಅಲ್ವಾ? ನೀವು ದಿನಾ ನೋಡುವ ಚಾನೆಲ್ ಹಾಕಿಸಿ, ಕೆಳಗೆ ಓಡುವ ಅಕ್ಷರಗಳು ಕಲಸಿಹೋಗುತ್ತವೆಯೇ ಗಮನಿಸಿ.